ಜೋತುಬೀಳದ ತಂತಿ

ಮದುವೆಯಾದ ಹೊಸದರಲ್ಲಿ ಬೀಮಣ್ಣ ಹೆಂಡತಿಗೆ ಚಿನ್ನದ ಬಳೆ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಅಂಥ ಮಾತನ್ನು ಮರೆಯುವುದಕ್ಕೂ ಮರೆಸುವುದಕ್ಕೂ ಸಂಸಾರದಲ್ಲಿ ಬೇಕಾದಷ್ಟು ಸಂದುಗೊಂದುಗಳಿವೆ. ಆದರೆ ಅವನು ಕೊಟ್ಟದ್ದು ಬೇರೆ ಮಾತು. ಅವನೇ ಕಟ್ಟಿದ ಮೊದಲ ಬಟ್ಟೆತಂತಿ ನಡುಮಧ್ಯೆ ಜೋತುಬಿದ್ದು, ಅವಳ ಹೊಸ ಬಿಳಿ ಬೆಡ್‌ಶೀಟು ಅಂಗಳದ ಕೆಸರನ್ನು ಶ್ರದ್ಧೆಯಿಂದ ಒರೆಸುತ್ತಿದ್ದಾಗ, "ಅಳಬೇಡ ಕಣೇ. ಜನ್ಮದಲ್ಲೇ ಜೋತುಬೀಳದೇ ಇರೋ ತಂತಿ ನಿನಗೆ ಕಟ್ಟಿಕೊಡ್ತೀನಿ, ನೋಡ್ತಿರು" ಎಂದುಬಿಟ್ಟಿದ್ದ.

ಬಳೆಯಾದರೆ ವರ್ಷಕ್ಕೊಮ್ಮೆ ನೆನಪಾಗುತ್ತದೆ. ಬಟ್ಟೆ ದಿನಾ ಒಗೆಯಬೇಕು.

ಬೀಮಣ್ಣ ಎನ್ನುವುದು ಅವನಿಗೆ ಆಫೀಸಿನವರು ಇಟ್ಟ ಹೆಸರು. ಆಳು ನೋಡಿದರೆ ಪೊರಕೆ ಕಡ್ಡಿ. ಸೇತುವೆಗಳಿಗೆ ಬೀಮುಗಳ ಲೆಕ್ಕ ಹಾಕುವುದು ಅವನ ಕೆಲಸವಾದ್ದರಿಂದ ಹೆಸರು ಅಂಟಿಕೊಂಡಿತ್ತು. ಅವನ ಲೆಕ್ಕದ ಬೀಮುಗಳ ಮೇಲೆ ಲೋಡು ತುಂಬಿದ ಲಾರಿಗಳು ಸಾಲುಗಟ್ಟಿ ಓಡಾಡುತ್ತಿದ್ದವು. ಬೀಮುಗಳು ಹುಬ್ಬು ಕೂಡ ಅಲ್ಲಾಡಿಸುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಎರಡು ಒದ್ದೆ ಟವೆಲು ಬಿದ್ದರೆ ಸಾಕು, ತಂತಿ ನೆಲ ಮುಟ್ಟಿ ನಮಸ್ಕಾರ ಮಾಡುತ್ತಿತ್ತು.

"ಊರಿನ ಲಾರಿಗೆಲ್ಲಾ ಗಟ್ಟಿ ಮಾಡ್ಕೊಡ್ತೀರಿ, ನನ್ನ ಲಂಗಕ್ಕೆ ಮಾತ್ರ ಆಗಲ್ಲ" ಎಂದು ಹೆಂಡತಿ ಹೇಳುವುದನ್ನು ಅವನು ಎಷ್ಟು ಮನೆಗಳಲ್ಲಿ ಕೇಳಿದ್ದನೋ ಅಷ್ಟು ಮನೆಗಳನ್ನು ಅವರು ಬಿಟ್ಟು ಬಂದಿದ್ದರು. ಒಂದರಲ್ಲಿ ಗೋಡೆ ಸೋರುತ್ತಿತ್ತು, ಇನ್ನೊಂದರಲ್ಲಿ ಓನರಿಗೆ ಮಕ್ಕಳ ಸದ್ದು ಆಗುತ್ತಿರಲಿಲ್ಲ. ಈಗಿನದು ಮಹಡಿ ಮನೆ. ಬಾಗಿಲು ದಾಟಿ ರಸ್ತೆ ಇಳಿದರೆ ಮಗಳ ಶಾಲೆ. ಪುಟ್ಟಿ ಮೊದಲ ಸಲ ಒಂದೇ ಶಾಲೆಯಲ್ಲಿ ಎರಡನೇ ವರ್ಷ ಕೂತಿದ್ದಳು. ಜಗಳವಾಡಿ ಮತ್ತೆ ಒಂದಾಗುವಷ್ಟು ಹಳೆಯ ಗೆಳತಿಯೊಬ್ಬಳು ಅವಳಿಗೆ ಸಿಕ್ಕಿದ್ದಳು. ಮನೆಯ ಅಗ್ರಿಮೆಂಟು ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡಿಸುವುದೋ ಭಾನುವಾರ ಸಂಜೆ ಹೇಳುತ್ತೇನೆ ಎಂದಿದ್ದಳು ಓನರಮ್ಮ.

ಓನರಮ್ಮ ಕೆಳಮನೆಯಲ್ಲೇ ಇದ್ದಳು. ಅವಳಿಗೆ ಪ್ರಪಂಚದ ಮೇಲಿದ್ದ ದೂರೆಲ್ಲಾ ಟೆರೇಸಿಗೆ ಬಂದು ಸೇರುತ್ತಿತ್ತು. "ಹಾಳು ಟೆರೇಸು, ಅಂಗೈ ಅಗಲ! ನಾಲ್ಕು ಮನೆಯವರ ತಂತಿ ಒಂದರ ಕತ್ತು ಒಂದು ಹಿಸುಕ್ತಿವೆ. ನನ್ನ ಮಗಳಿಗೆ ಅವಳಿ ಮಕ್ಕಳು, ದಿನಕ್ಕೆ ಎರಡು ಬಕೆಟ್ ಬಟ್ಟೆ. ಇಲ್ಲಿಗೇ ಬಂದಿರು ಅಂದ್ರೆ, 'ನಿನ್ನ ಟೆರೇಸಲ್ಲಿ ಕರವಸ್ತ್ರ ಒಣಗಿಸೋಕೂ ಜಾಗ ಇಲ್ಲ' ಅಂತ ನನ್ನ ಮನೇನೇ ಆಡ್ಕೋತಾಳೆ."

ಬೀಮಣ್ಣನಿಗೆ ಇದೇ ಸಮಯ ಎನಿಸಿತು. ಟೆರೇಸಿನ ನಡುವೆ ಒಂದು ಗೂಟ, ಅದರ ತಲೆಗೆ ಬೇರಿಂಗು, ಬೇರಿಂಗಿನಿಂದ ನಾಲ್ಕು ದಿಕ್ಕಿಗೆ ನಾಲ್ಕು ಕೈ, ಕೈಯಿಂದ ಕೈಗೆ ಸುತ್ತು ಸುತ್ತಾಗಿ ತಂತಿ. ಬಟ್ಟೆಯಿಲ್ಲದ ಕೊಡೆಯ ಹಾಗೆ. ನಿಂತಲ್ಲೇ ನಿಂತು ತಿರುಗಿಸುತ್ತಾ ಒಣಹಾಕಬಹುದು. ಓನರಮ್ಮನೂ ಖುಷಿ, ಹೆಂಡತಿಗೆ ಕೊಟ್ಟ ಮಾತೂ ಸಂದ ಹಾಗೆ.

"ಕೂರಿಸ್ಕೊಳ್ಳಿ ಇಂಜಿನಿಯರ್ರೇ. ಆದ್ರೆ ಟೆರೇಸಿಗೆ ಕೂರಿಸಿದ್ದು ಮನೆಗೇ ಸೇರಿದ್ದು. ನಾಳೆ ಕಿತ್ಕೊಂಡು ಹೋಗ್ತೀನಿ ಅನ್ನೋ ಹಾಗಿಲ್ಲ. ಇನ್ನು ಅದರಿಂದ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಮನೆ ಖಾಲಿ."

"ಕಿತ್ಕೊಂಡು ಹೋಗೋಕೆ ನಾವು ಹೋಗೋದಾದ್ರೂ ಎಲ್ಲಿಗೆ ಅಮ್ಮಾ!" ಎಂದು ಬೀಮಣ್ಣ ನಕ್ಕಿದ್ದ.

ಆಫೀಸಿನಲ್ಲಿ ಅವನ ಪಕ್ಕದ ಮೇಜಿನವನು ಯಂತ್ರ ವಿಭಾಗದವನು. ಗಾಲಿ, ಚಕ್ರ, ಫ್ಯಾನು, ಒಟ್ಟಿನಲ್ಲಿ ತಿರುಗುವ ಯಾವುದಿದ್ದರೂ ಅವನ ಪಾಲು. ಹಾಗಾಗಿ ಅವನು ಚಕ್ರಪಾಣಿ. ಬೇರಿಂಗು ಕೊಟ್ಟವನು ಅವನೇ. ಊಟದ ಹೊತ್ತಿಗೆ ನಕ್ಷೆ ನೋಡಿದ ಚಕ್ರಪಾಣಿ ಒಂದೇ ಮಾತು ಹೇಳಿದ.

"ಐ ಕಮ್ಮಿ ಇಟ್ಕೋ ಕಣೋ."

ಐ ಎನ್ನುವುದು ಇಬ್ಬರೂ ದಿನಾ ಬರೆಯುವ ಅಕ್ಷರ. ಜಡತ್ವದ ಲೆಕ್ಕಕ್ಕೆ ಗುರುತು. ಬೀಮಣ್ಣನಿಗೆ ತುತ್ತು ನೆತ್ತಿಗೇರಿತು.

"ಐ ಕಮ್ಮಿಯಾ? ತಲೆ ನೆಟ್ಟಗಿದೆಯಾ ನಿನಗೆ? ಐ ಕಮ್ಮಿ ಇದ್ದೇ ಅಲ್ವಾ ಇಷ್ಟು ವರ್ಷ ನನ್ನ ಮಾನ ಜೋತಾಡಿದ್ದು! ಐ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೇದು."

"ಜಾಸ್ತಿ ಮಾಡಿದ್ರೆ ಸಾಯ್ತೀಯ."

"ಕಮ್ಮಿ ಮಾಡಿದ್ರೆ ಹೆಂಡತಿ ಸಾಯಿಸ್ತಾಳೆ."

"ನಿನ್ನ ಹಣೆಬರಹ" ಎಂದು ಚಕ್ರಪಾಣಿ ಡಬ್ಬಿ ಮುಚ್ಚಿದ. ಒಂದೇ ಹೆಸರಿನ ಇಬ್ಬರು ಅಳಿಯಂದಿರಿದ್ದ ಮನೆಯಲ್ಲಿ ಒಬ್ಬನನ್ನು ಬೈದರೆ ಇನ್ನೊಬ್ಬ ಎಲೆ ಬಿಟ್ಟು ಎದ್ದುಹೋಗುತ್ತಾನಂತೆ. ಹಾಗೆ, ಯಾವ ಐ ಎಂದು ಇವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೀಮಣ್ಣ ಹಟಕ್ಕೆ ಬಿದ್ದ. ನಾಲ್ಕು ಕೈಗೂ ಬುಡದಿಂದ ತುದಿಯವರೆಗೆ ಒಂದೇ ಸಮ ಎತ್ತರದ ದಪ್ಪ ಕಬ್ಬಿಣ ಹಾಕಿಸಿದ. ಅಷ್ಟಕ್ಕೂ ತೃಪ್ತಿಯಾಗದೆ, ಒಂದು ಕೈ ಬಾಗಿದರೆ ಉಳಿದ ಮೂರು ಹಿಡಿದುಕೊಳ್ಳಲಿ ಎಂದು ತುದಿಗಳನ್ನೆಲ್ಲಾ ಸುತ್ತುವರಿಯುವ ಒಂದು ಭಾರೀ ಕಬ್ಬಿಣದ ಬಳೆ ಬೆಸುಗೆ ಹಾಕಿಸಿದ. ಚಿನ್ನದ ಬಳೆ ಮಾಡಿಸದ ಪಾಪ ಹೀಗೆ ತೀರಿತು. ಶನಿವಾರ ಅದನ್ನು ಮೆಟ್ಟಿಲೇರಿಸುವಾಗ ವೆಲ್ಡಿಂಗಿನವನು, "ಸಾರ್, ಇದರ ಮೇಲೆ ಬಟ್ಟೆ ಒಣಹಾಕ್ತೀರೋ, ಬಸ್ ಓಡಿಸ್ತೀರೋ?" ಎಂದು ಕೇಳಿದ. ಬೀಮಣ್ಣ ಅದನ್ನು ಹೊಗಳಿಕೆ ಎಂದುಕೊಂಡ.

ಭಾನುವಾರ ಬೆಳಿಗ್ಗೆ ಎಲ್ಲರೂ ಟೆರೇಸಿನಲ್ಲಿ ಸೇರಿದರು. ಓನರಮ್ಮ ಒದ್ದೆ ಉಣ್ಣೆ ಕಂಬಳಿಯನ್ನು ಹೊತ್ತು ತಂದಿದ್ದಳು. ಒಗೆದರೆ ಮೂರು ದಿನ ಒಣಗದ, ಇಬ್ಬರು ಹಿಂಡಬೇಕಾದ ಕಂಬಳಿ. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ತಮ್ಮ ಪ್ಯಾಂಟುಗಳ ಜೊತೆ ಸಲಹೆಗಳನ್ನೂ ತಂದಿದ್ದರು. ಬೀಮಣ್ಣನ ಹೆಂಡತಿ ಎರಡು ಬೆಡ್‌ಶೀಟು, ಪರದೆ, ಪುಟ್ಟಿಯ ಯೂನಿಫಾರಂ ಹರವಿದಳು. ಕೊನೆಗೆ ಕಂಬಳಿಯೂ ತಂತಿಯ ಮೇಲೆ ಬಿತ್ತು. ಎಲ್ಲರೂ ಉಸಿರು ಹಿಡಿದು ನೋಡಿದರು.

ಚಕ್ರ ಕೂದಲೆಳೆಯಷ್ಟೂ ಬಾಗಲಿಲ್ಲ.

ಬೀಮಣ್ಣನ ಕಣ್ಣು ತುಂಬಿ ಬಂತು. "ನೋಡಿದ್ಯಾ?" ಎಂದ ಹೆಂಡತಿಗೆ.

"ನೋಡಿದೆ. ತಿರುಗಿಸಿ" ಎಂದಳು.

ತಿರುಗಿಸಿದ. ಅದು ತಿರುಗಲಿಲ್ಲ. ಎರಡೂ ಕೈ ಕೊಟ್ಟ. ಭುಜ ಕೊಟ್ಟ. ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಮಾವನ ಹಾಗೆ ಚಕ್ರ ಒಂದು ಸಲ ನರಳಿ ಅಲ್ಲೇ ಕೂತಿತು.

"ಏನ್ರೀ ಇದು, ಗೂಟಕ್ಕೆ ಬೆಸುಗೆ ಹಾಕಿಸ್ಬಿಟ್ರಾ?"

"ಇಲ್ಲ ಕಣೇ. ಜಡತ್ವ."

"ಅಂದ್ರೆ?"

"ಕೂತದ್ದು ಏಳೋಕೆ ಒಪ್ಪಲ್ಲ. ಎದ್ದದ್ದು ಕೂರೋಕೆ ಒಪ್ಪಲ್ಲ."

"ಮೊದಲನೇದು ನೀವು. ಎರಡನೇದು ನಿಮ್ಮಮ್ಮ. ಇದನ್ನ ಲೆಕ್ಕ ಹಾಕೋಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ?"

ಮೇಷ್ಟ್ರು ತೋಳು ಮಡಿಸಿಕೊಂಡು ಮುಂದೆ ಬಂದರು. "ಸರೀಪ್ಪಾ ಸರಿ, ನಾನೂ ಜಡತ್ವ ಪಾಠ ಮಾಡ್ದೋನೇ. ಇದಕ್ಕೆ ಸೈನ್ಯ ಬೇಕು, ಅಷ್ಟೇ. ಎಲ್ರೂ ಕೈ ಹಾಕಿ!"

ಎಲ್ಲರೂ ಕೈ ಹಾಕಿದರು. ಓನರಮ್ಮ ಮೈ ಹಾಕಿದಳು. ಚಕ್ರ ಇಂಚಿಂಚಾಗಿ ಹೊರಟಿತು, ಆಮೇಲೆ ಅಡಿಯಡಿಯಾಗಿ. ಬಟ್ಟೆಗಳು ಮೆರವಣಿಗೆ ಹೊರಟವು. ತನ್ನ ಕಂಬಳಿ ತಾನಾಗಿಯೇ ಸುತ್ತಿ ಮುಂದೆ ಬಂದು ನಿಲ್ಲುವುದನ್ನು ಕಂಡು ಓನರಮ್ಮ ಚಪ್ಪಾಳೆ ತಟ್ಟಿದಳು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲವೂ ಚೆನ್ನಾಗಿಯೇ ಇತ್ತು. ಆದರೆ ಚಕ್ರ ಎದುರಿಗೆ ಬಂದಾಗಲೆಲ್ಲಾ ಮೇಷ್ಟ್ರು, "ಬಿಡಬಾರದು, ಬಿಡಬಾರದು, ಇನ್ನೊಂದು!" ಎನ್ನುತ್ತಾ ಒಂದೊಂದು ಏಟು ಕೊಡುತ್ತಿದ್ದರು. ಅಷ್ಟರಲ್ಲಿ ಗಾಳಿಯೂ ಎದ್ದಿತು. ಬೆಡ್‌ಶೀಟುಗಳು ಹಡಗಿನ ಪಟಗಳ ಹಾಗೆ ಉಬ್ಬಿದವು.

"ಮೇಷ್ಟ್ರೇ, ಸಾಕು" ಎಂದ ಬೀಮಣ್ಣ.

"ನಾನು ಬಿಟ್ಟು ಆಗ್ಲೇ ಎಷ್ಟೋ ಹೊತ್ತಾಯ್ತಲ್ಲಪ್ಪಾ!"

ಚಕ್ರಕ್ಕೆ ಈಗ ಯಾರ ಹಂಗೂ ಇರಲಿಲ್ಲ. ಬಟ್ಟೆಗಳು ಎದ್ದು ಅಡ್ಡಡ್ಡಲಾಗಿ ಹಾರತೊಡಗಿದವು. ಟೆರೇಸಿನ ತುಂಬಾ ಸೋಪಿನ ನೀರಿನ ಸೋನೆ. ಒಂದು ಒದ್ದೆ ಟವೆಲು ಕ್ಲಿಪ್ಪು ಕಿತ್ತುಕೊಂಡು ಬಂದು ಓನರಮ್ಮನ ಕೆನ್ನೆಗೆ ಪಟೀರನೆ ಬಾರಿಸಿತು. ಮೇಷ್ಟ್ರ ಪ್ಯಾಂಟು ರಸ್ತೆ ದಾಟಿ ಎದುರಿನ ಕ್ಷೌರದಂಗಡಿಯ ಬೋರ್ಡಿನ ಮೇಲೆ ಅತ್ತ ಒಂದು ಇತ್ತ ಒಂದು ಕಾಲು ಹಾಕಿ ಸವಾರಿ ಕೂತಿತು.

"ಮೇಷ್ಟ್ರೇ, ಪ್ಯಾಂಟು ಬಂತು! ತಾವು ಯಾವಾಗ ಬರ್ತೀರಾ?" ಎಂದು ಕೆಳಗಿನಿಂದ ಕೂಗಿದ ಕ್ಷೌರದವನು.

"ನಿಲ್ಸಿ ಇಂಜಿನಿಯರ್ರೇ, ನಿಲ್ಸಿ!"

ಬೀಮಣ್ಣ ಹಾರಿ ಬಳೆಯನ್ನು ಹಿಡಿದ. ಗಾಣಕ್ಕೆ ಕಟ್ಟಿದ ಎತ್ತು ಗಾಣವನ್ನು ತಿರುಗಿಸುವುದು ಲೋಕರೂಢಿ. ಇಲ್ಲಿ ಗಾಣವೇ ಎತ್ತನ್ನು ತಿರುಗಿಸಿತು. ಮೊದಲು ಓಡಿದ, ಆಮೇಲೆ ಜಾರಿದ, ಕೊನೆಗೆ ಮೇಷ್ಟ್ರ ಇನ್ನೊಂದು ಪ್ಯಾಂಟಿನ ಜೊತೆಗೆ ಅವನೂ ಒಣಗಲು ಹಾಕಿದ ಹಾಗೆ ತೇಲಿದ. ಸುತ್ತಿ ಬಂದಾಗಲೆಲ್ಲಾ ಹೆಂಡತಿಯ ಮುಖ ಕಾಣುತ್ತಿತ್ತು. ಮೊದಲ ಸುತ್ತಿನಲ್ಲಿ ಅದರಲ್ಲಿ ಗಾಬರಿ ಇತ್ತು, ಆಮೇಲೆ ಸಿಟ್ಟು, ಆಮೇಲೆ ಅವಳು ಮುಖವನ್ನೇ ಅತ್ತ ತಿರುಗಿಸಿದಳು. ಅವನ ಕಾಲಿಗೆ ಸಿಕ್ಕಿದ ಕಂಬಳಿಯ ಅಂಚು ಕಟ್ಟೆಯ ಮೇಲಿದ್ದ ಓನರಮ್ಮನ ಹೂಕುಂಡಗಳನ್ನು ಒಂದೊಂದಾಗಿ, ಒಂದನ್ನೂ ಬಿಡದೆ, ಅಂಗಳಕ್ಕೆ ಕಳಿಸಿತು.

ಕೊನೆಗೆ ಚಕ್ರ ತನಗೇ ಬೇಸರ ಬಂದು ನಿಂತಿತು. ಆಗಲೂ ಅದು ಬಾಗಿರಲಿಲ್ಲ.

ಓನರಮ್ಮ ಕೆನ್ನೆ ಹಿಡಿದುಕೊಂಡು ಅಂಗಳಕ್ಕೆ ಇಣುಕಿ ನೋಡಿದಳು. ಕಂಬಳಿ ಮುಟ್ಟಿ ನೋಡಿದಳು. ಏನೂ ಬೈಯಲಿಲ್ಲ. ಅದೇ ಭಯವಾಗುವ ವಿಷಯ. "ಸಂಜೆ ಬರ್ತೀನಿ. ಆಗ ಮಾತಾಡೋಣ" ಎಂದು ಮೆಟ್ಟಿಲಿಳಿದಳು.

ಹೆಂಡತಿ ಒದ್ದೆ ಯೂನಿಫಾರಂ ಹಿಡಿದು ನೆಲದಲ್ಲಿ ಕೂತಳು. "ಹೋಯ್ತು. ಮತ್ತೆ ಟೆಂಪೋ, ಮತ್ತೆ ಗಂಟುಮೂಟೆ. ಪುಟ್ಟಿಗೆ ನೀವೇ ಹೇಳಿ. ನಾನಂತೂ ಹೇಳಲ್ಲ."

ಪುಟ್ಟಿ ಗೆಳತಿಯ ಮನೆಯಲ್ಲಿ ಆಡುತ್ತಿದ್ದಳು. ಅವಳ ನಗು ಟೆರೇಸಿನವರೆಗೆ ಕೇಳುತ್ತಿತ್ತು. ಬೀಮಣ್ಣ ಮೊಣಕಾಲು ಒರೆಸಿಕೊಂಡು ಚಕ್ರಪಾಣಿಗೆ ಫೋನು ಮಾಡಿದ.

ಚಕ್ರಪಾಣಿ ಬಂದು ಚಕ್ರದ ಸುತ್ತ ಒಂದು ಸುತ್ತು ಹಾಕಿ, ಅಂಗಳದಲ್ಲಿದ್ದ ಮಣ್ಣುರಾಶಿ ನೋಡಿ, ಎದುರಿನ ಬೋರ್ಡಿನ ಮೇಲಿದ್ದ ಪ್ಯಾಂಟು ನೋಡಿ ಹೇಳಿದ: "ಐ ಕಮ್ಮಿ ಇಟ್ಕೋ ಅಂದಿದ್ದೆ."

"ಐ ಕಮ್ಮಿ ಇಟ್ಟಿದ್ರೆ ಬಾಗ್ತಿತ್ತಲ್ಲೋ!"

"ಯಾವ ಐ ಕಣೋ?"

"ಇರೋದು ಒಂದೇ..." ಎಂದು ಬಾಯಿ ತೆರೆದ ಬೀಮಣ್ಣ ಹಾಗೆಯೇ ನಿಂತ. ಕಾಲೇಜಿನಲ್ಲಿ ಎರಡನ್ನೂ ಓದಿ ಪಾಸಾಗಿದ್ದ. ಒಂದನ್ನು ಇಪ್ಪತ್ತು ವರ್ಷ ದುಡಿಸಿಕೊಂಡಿದ್ದ. ಇನ್ನೊಂದು ದೂರದ ನೆಂಟನ ಹಾಗೆ ಎಲ್ಲೋ ಇದೆ ಎಂದಷ್ಟೇ ಗೊತ್ತಿತ್ತು.

ಚಕ್ರಪಾಣಿ ಅವನ ಹೆಂಡತಿಯ ಕಡೆ ತಿರುಗಿದ. "ನೋಡಿ ಅತ್ತಿಗೆ, ಇವನ ಐ ಆಕಾರ ಮಾತ್ರ ನೋಡುತ್ತೆ. ಕಬ್ಬಿಣವೋ ಕಟ್ಟಿಗೆಯೋ ಕೇಳಲ್ಲ, ತೂಕ ಕೇಳಲ್ಲ. ಬೀಮನ್ನ ಅಡ್ಡಕ್ಕೆ ಕೊಯ್ದು ನೋಡಿದಾಗ ಆ ಕೊಯ್ದ ಮುಖ ನಡುಗೆರೆಯಿಂದ ಮೇಲಕ್ಕೂ ಕೆಳಕ್ಕೂ ಎಷ್ಟು ಹರಡಿದೆ, ಅಷ್ಟೇ ಅದಕ್ಕೆ ಬೇಕು. ಪಟ್ಟಿ ಅಡ್ಡ ಮಲಗಿಸಿದ್ರೆ ಬಾಗುತ್ತೆ, ನೆಟ್ಟಗೆ ನಿಲ್ಲಿಸಿದ್ರೆ ಬಾಗಲ್ಲ. ಅದು ಬಾಗದೇ ಇರೋ ಹಟ. ನನ್ನ ಐ ತೂಕ ನೋಡುತ್ತೆ, ಆ ತೂಕ ಗೂಟದಿಂದ ಎಷ್ಟು ದೂರ ಇದೆ ಅಂತ ನೋಡುತ್ತೆ. ಅದು ತಿರುಗದೇ ಇರೋ ಹಟ, ತಿರುಗಿದ್ರೆ ನಿಲ್ಲದೇ ಇರೋ ಹಟ. ಇವನು ತನ್ನ ಐ ಸಾಕೋಕೆ ಹೋಗಿ ತೂಕಾನೆಲ್ಲಾ ತುದಿಗೆ ಕಟ್ಟಿ ನನ್ನ ಐನ ಕೊಬ್ಬಿಸಿದಾನೆ."

"ಎರಡಕ್ಕೂ ಒಂದೇ ಹೆಸರು ಇಟ್ಟ ಪುಣ್ಯಾತ್ಮ ಯಾರು?"

"ಯಾರೋ ಬಟ್ಟೆ ಒಣಹಾಕದೋನು ಅತ್ತಿಗೆ."

"ಒಂದು ಐಗೆ ಒಂದು ಐ ಸೇರಿ ನನಗೆ ಅಯ್ಯಯ್ಯೋ ಆಯ್ತು" ಎಂದು ಅವಳು ಎದ್ದು ಹೋದಳು.

ಆಮೇಲೆ ಮಧ್ಯಾಹ್ನವೆಲ್ಲಾ ಆ ಇಬ್ಬರೂ ಮೈ ಮುರಿದು ದುಡಿದರು. ಭಾನುವಾರದ ನಿದ್ದೆಯಿಂದ ಎಬ್ಬಿಸಿ ತಂದ ವೆಲ್ಡಿಂಗಿನವನು, "ಬಸ್ಸು ಓಡ್ತಾ ಸಾರ್?" ಎಂದು ಕೇಳಿದ್ದಕ್ಕೆ ಬೀಮಣ್ಣ ಬಳೆಯ ಕಡೆ ಬೆರಳು ತೋರಿಸಿದ. ಬಳೆ ಕೊಯ್ದು ತೆಗೆದರು. ಕೈ ಬಾಗುವುದು ಬುಡದಲ್ಲಿ, ಅಲ್ಲಿ ಮಾತ್ರ ಎತ್ತರ ಉಳಿಸಿ ತುದಿಯ ಕಡೆಗೆ ಸಣ್ಣಗೆ ಸಣ್ಣಗೆ ಕೊಯ್ದರು, ಮರದ ಕೊಂಬೆಯ ಹಾಗೆ. ಬುಡದಲ್ಲಿ ಬೀಮಣ್ಣನ ಐ ದೊಡ್ಡದಾಗಿ ಉಳಿಯಿತು. ತುದಿಯಲ್ಲಿ ಚಕ್ರಪಾಣಿಯ ಐ ಕರಗಿಹೋಯಿತು. ಗೂಟಕ್ಕೆ ಸೈಕಲ್ಲಿನ ಹಳೆಯ ಬ್ರೇಕೊಂದನ್ನು ಕೂರಿಸಿದರು. ಬೀಮಣ್ಣ ಅಷ್ಟು ಚೆಂದದ ಕೆಲಸವನ್ನು ಯಾವ ಸೇತುವೆಗೂ ಮಾಡಿರಲಿಲ್ಲ. ಬೆರಳಿಂದ ಮುಟ್ಟಿದರೆ ತಿರುಗುತ್ತಿತ್ತು, ಅಂಗೈ ಇಟ್ಟರೆ ನಿಲ್ಲುತ್ತಿತ್ತು, ಒದ್ದೆ ಕಂಬಳಿ ಹಾಕಿದರೂ ಬಾಗುತ್ತಿರಲಿಲ್ಲ. ಹೆಂಡತಿ ಬಂದು ಬೆಡ್‌ಶೀಟು, ಪರದೆಗಳನ್ನು ಮತ್ತೆ ತೊಳೆದು ಹರವಿದಳು. ನಡುವೆ ಒಮ್ಮೆ ಅವಳು ಸುಮ್ಮನೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ವಾಪಸು ತಿರುಗಿಸಿದ್ದನ್ನು ಅವನು ನೋಡಿದ.

ಸಂಜೆ ಓನರಮ್ಮ ಬಂದಳು. ಕೈಯಲ್ಲಿ ಅಗ್ರಿಮೆಂಟಿನ ಕಾಗದ. ಬೀಮಣ್ಣ ಅಪರಾಧಿಯಂತೆ ನಿಂತು, "ಅಮ್ಮಾ, ಸರಿಮಾಡಿದೀವಿ. ಒಂದ್ಸಲ ನೋಡಿ" ಎಂದ.

ಅವಳು ಬೆರಳಿಂದ ಮುಟ್ಟಿದಳು. ಚಕ್ರ ಗಾಳಿಗಿಂತ ಹಗುರವಾಗಿ ಸುತ್ತಿತು. ಅಂಗೈ ಇಟ್ಟಳು. ನಿಂತಿತು. ಮತ್ತೆ ಮುಟ್ಟಿದಳು.

"ಮತ್ತೆ ಬೆಳಿಗ್ಗೆ ಥರ ಹುಚ್ಚು ಹಿಡಿಯಲ್ಲ ತಾನೇ?"

"ಎಲ್ಲಾದ್ರೂ ಉಂಟಾ ಅಮ್ಮಾ!"

"ಚಿಕ್ಕ ಮಕ್ಕಳು ಹತ್ರ ಬಂದ್ರೆ?"

ಬೀಮಣ್ಣ ಕಿರುಬೆರಳಿಂದ ನಿಲ್ಲಿಸಿ ತೋರಿಸಿದ. "ಮಗು ಹಿಡಿದ್ರೂ ನಿಲ್ಲುತ್ತೆ."

"ದಿನಕ್ಕೆ ಎರಡು ಬಕೆಟ್ ಬಟ್ಟೆ ಹಾಕಿದ್ರೂ ಬಾಗಲ್ವಾ?"

"ಎರಡಾ? ನಾಲ್ಕು ಹಾಕಿ ಅಮ್ಮಾ! ನಾನು ಗ್ಯಾರಂಟಿ. ಇನ್ನು ಇದಕ್ಕೆ ನಾನೂ ಬೇಡ, ಇಂಜಿನಿಯರೂ ಬೇಡ. ಯಾರು ಬೇಕಾದ್ರೂ ನೋಡ್ಕೋಬಹುದು."

ಅವನ ಹೆಂಡತಿ ಬೆಡ್‌ಶೀಟಿನ ಆಚೆಯಿಂದ ಥಟ್ಟನೆ ತಲೆಯೆತ್ತಿದಳು. ಬೀಮಣ್ಣನಿಗೆ ಅದು ಕಾಣಿಸಲಿಲ್ಲ.

ಓನರಮ್ಮನ ಮುಖ ಅರಳಿತು. ಸೊಂಟದಲ್ಲಿ ತಡಕಾಡಿ ಫೋನು ತೆಗೆದಳು. "ಹಲೋ, ಮಗಳೇ? ಹೂಂ ಕಣೇ, ಸರಿಹೋಯ್ತು. ಬೆರಳಲ್ಲಿ ತಿರುಗುತ್ತೆ. ಹೂಂ, ಅವಳಿಗಳಿಗೂ ಅಪಾಯ ಇಲ್ಲ. ನಾಲ್ಕು ಬಕೆಟ್ ಅಂತಾರೆ. ಇನ್ನು ನೆಪ ಹೇಳ್ಬೇಡ, ತಿಂಗಳ ಕೊನೆಗೆ ಬಂದ್ಬಿಡು. ಮಹಡಿ ಮನೆ ಖಾಲಿ ಮಾಡಿಸ್ತೀನಿ."

ಬೀಮಣ್ಣ ಗೂಟವನ್ನು ಹಿಡಿದುಕೊಂಡ.

"ಬೇಜಾರ್ ಮಾಡ್ಕೋಬೇಡಿ ಇಂಜಿನಿಯರ್ರೇ" ಎಂದಳು ಓನರಮ್ಮ ಅಕ್ಕರೆಯಿಂದ. "ಬೆಳಿಗ್ಗೆ ಅದು ಹಾಗೆ ಕುಣಿದಾಗ, 'ಈ ಭೂತಾನ ಹಿಡಿಯೋಕೆ ಕಟ್ಟಿದೋರೇ ಬೇಕು, ಇವರನ್ನ ಬಿಟ್ರೆ ಗತಿಯಿಲ್ಲ' ಅಂತ ಕೆಳಗೆ ಹೋಗಿ ಅಗ್ರಿಮೆಂಟಿಗೆ ಸಹಿ ಹಾಕೇಬಿಟ್ಟಿದ್ದೆ. ನೋಡಿ." ಅವಳು ಕಾಗದ ತೋರಿಸಿದಳು. ದುಂಡಗೆ, ಸ್ಪಷ್ಟವಾಗಿ ಸಹಿ ಇತ್ತು. "ಕುಂಡ ಏನು, ಇನ್ನೊಂದು ತರಬಹುದು. ಮೂರು ದಿನ ಒಣಗದ ಕಂಬಳಿ ಅರ್ಧ ಗಂಟೇಲಿ ಒಣಗ್ತು, ಅದು ದೊಡ್ಡದು. ಈಗ ನೀವೇ ಸರಿಮಾಡ್ಕೊಟ್ರಿ. ನನ್ನ ಮಗಳು ಮೊಮ್ಮಕ್ಕಳು ಮನೆಗೆ ಬರ್ತಾರೆ. ನಿಮ್ಮ ಕೈ ಚಿನ್ನದ ಕೈ."

ಅವಳು ಕಾಗದವನ್ನು ನಾಲ್ಕಾಗಿ ಹರಿದು, ಗಾಳಿಗೆ ಹಾರಬಾರದೆಂದು ಬೀಮಣ್ಣನ ಅಂಗೈಯಲ್ಲಿಟ್ಟು, ಚಕ್ರವನ್ನು ಇನ್ನೊಮ್ಮೆ ಬೆರಳಿಂದ ತಿರುಗಿಸಿ ಕೆಳಗಿಳಿದಳು.

ಚಕ್ರಪಾಣಿ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡ. "ಬಳೆ ವಾಪಸು ಬೆಸೆದುಬಿಡೋಣ್ವಾ?" ಎಂದು ಮೆಲ್ಲಗೆ ಕೇಳಿದ. ವೆಲ್ಡಿಂಗಿನವನು ಆಗಲೇ ಬಳೆಯ ತುಂಡುಗಳನ್ನು ಗುಜರಿಗೆ ಹೊತ್ತು ಹೋಗಿದ್ದ.

ಕೆಳಗೆ ಗೇಟು ಕಿರ್ರೆಂದಿತು. ಪುಟ್ಟಿ ಗೆಳತಿಗೆ ಕೂಗಿ ಹೇಳುತ್ತಿದ್ದಳು: "ನಾಳೆ ನಿನ್ನ ಪಕ್ಕಾನೇ ಕೂರೋದು, ಬೇರೆಯವರಿಗೆ ಜಾಗ ಕೊಡ್ಬೇಡ!"

ಹೆಂಡತಿ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಅವಳು ನಿಂತಲ್ಲೇ ನಿಂತಿದ್ದಳು. ಚಕ್ರ ಸದ್ದಿಲ್ಲದೆ ಸುತ್ತಿ ಸುತ್ತಿ ಬಟ್ಟೆಗಳನ್ನು ಅವಳ ಕೈಗೆ ತಂದು ಕೊಡುತ್ತಿತ್ತು. ಕೊನೆಗೆ ಬಿಳಿ ಬೆಡ್‌ಶೀಟೊಂದು ಉಳಿಯಿತು. ಅದನ್ನು ತೆಗೆಯುವ ಮೊದಲು ಅವಳು ಬಗ್ಗಿ, ಒಂದು ಕಣ್ಣು ಮುಚ್ಚಿ, ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ನೆಟ್ಟಗಿದೆ ಕಣ್ರೀ" ಎಂದಳು.

ತಂತಿ ಜೋತುಬೀಳಲಿಲ್ಲ. ಬೀಮಣ್ಣ ಕೊಟ್ಟ ಮಾತು ಉಳಿಸಿಕೊಂಡ.